ನಂಜನಗೂಡಿನ ಹಿತ್ತಿಲಲ್ಲಿ ಇಟಲಿಯ ಸಿಹಿ

ಆ ವರ್ಷ ಸಂಕ್ರಾಂತಿಗೆ ನಮ್ಮ ಮನೆಗೆ ಯಾರೂ ಎಳ್ಳು ಬೀರಲು ಬರಲಿಲ್ಲ. ನನ್ನ ಹೆಂಡತಿ ಬೆಳಗ್ಗೆಯೇ ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸಿ ತಟ್ಟೆಯಲ್ಲಿಟ್ಟುಕೊಂಡು ಹೊಸಲಿನ ಹತ್ತಿರ ಕೂತಿದ್ದಳು. ಬೀದಿಯ ಹೆಂಗಸರು ಎದುರುಮನೆಗೆ ಹೋದರು, ಪಕ್ಕದ ಮನೆಗೆ ಹೋದರು. ನಮ್ಮ ಮನೆ ಮುಂದೆ ಬಂದಾಗ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ಬೇಗ ಬೇಗ ದಾಟಿದರು. ಸಂಜೆ ಅವಳು ತಟ್ಟೆಯನ್ನು ಒಳಗೆ ತಂದು, "ಎಲ್ಲಾ ಹಾಗೇ ಮಿಕ್ಕಿದೆ. ಚಿಗಳಿ ಕುಟ್ಟಿಬಿಡ್ತೀನಿ" ಎಂದಳು. ಅಳಲಿಲ್ಲ. ಒರಳಿಗೆ ಎಳ್ಳು ಸುರಿದು ಅವಳು ಕುಟ್ಟಿದ ರಭಸ ನೋಡಿ ನಾನೇ ಸ್ವಲ್ಪ ದೂರ ಹೋಗಿ ಕೂತೆ.

ಇದಕ್ಕೆಲ್ಲ ಕಾರಣ ನಾನು. ಅಥವಾ ನಾನು ಎಂದು ಊರು ತೀರ್ಮಾನಿಸಿತ್ತು.

ನಾನು ಸಂತರ್ಪಣೆಯ ಅಡುಗೆಯವನು. ನಂಜನಗೂಡಿನಿಂದ ತಲಕಾಡಿನವರೆಗೆ ಮದುವೆ, ಮುಂಜಿ, ಸಮಾರಾಧನೆ ಎಲ್ಲೇ ನಡೆಯಲಿ, ಕೊಪ್ಪರಿಗೆ ಸೌಟು ಹೊತ್ತುಕೊಂಡು ನಮ್ಮ ತಂಡ ಹೋಗುತ್ತಿತ್ತು. ತಂಡದ ಯಜಮಾನರು ಸೋಸಲೆಯಲ್ಲಿದ್ದ ನನ್ನ ಸೋದರಮಾವ. ನನಗೆ ಹನ್ನೆರಡು ತುಂಬಿದಾಗ ಕೈಗೆ ಸೌಟು ಕೊಟ್ಟವರು, ಇಪ್ಪತ್ತು ತುಂಬಿದಾಗ ತಮ್ಮ ಮಗಳನ್ನೂ ಕೊಟ್ಟವರು. ಅವರು ಹೇಳಿಕೊಟ್ಟ ಮೊದಲ ಪಾಠ ಇಷ್ಟೇ: ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯವನು ರುಚಿ ನೋಡಕೂಡದು. ಉಪ್ಪನ್ನು ಕೈಯಳತೆಯಿಂದ ತಿಳಿಯಬೇಕು, ಹುಳಿಯನ್ನು ಮೂಗಿನಿಂದ, ಪಾಕವನ್ನು ಬೆರಳ ನಡುವಿನ ಎಳೆಯಿಂದ. ಸಾವಿರ ಎಲೆಯ ಊಟಕ್ಕೆ ಹುಳಿ ಕುದಿಸಿದಾಗಲೂ ಒಂದು ತೊಟ್ಟು ನಾಲಿಗೆಗೆ ತಾಗಿಸಿದವನಲ್ಲ ನಾನು. ಆ ಬಗ್ಗೆ ನನಗೆ ಜಂಬವೂ ಇತ್ತು.

ಮೈಸೂರಿನಲ್ಲಿ ಹೊಸ ಅರಮನೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ನೆಲಕ್ಕೆ ಬಣ್ಣದ ಕಲ್ಲು ಕೂರಿಸುವುದನ್ನು ಬಲ್ಲ ಇಟಲಿ ದೇಶದ ಮೇಸ್ತ್ರಿಯೊಬ್ಬರು ಕೆಮ್ಮು ಹಿಡಿದು, ಗಾಳಿ ಬದಲಾಗಲಿ ಎಂದು ನಂಜನಗೂಡಿನ ಹೊಳೆ ಕಡೆ ಒಂದು ಮನೆ ಹಿಡಿದಿದ್ದರು. ಖಾರ ತಾಗಿದರೆ ಅವರಿಗೆ ಕೆಮ್ಮು ಹೆಚ್ಚುತ್ತಿತ್ತು, ಹಾಗಾಗಿ ಖಾರವಿಲ್ಲದೆ ಅಡುಗೆ ಮಾಡುವವನು ಬೇಕಾಗಿದ್ದ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಒಲೆಯೂ ಖಾಲಿ ಕೈಯೂ ಖಾಲಿ. ನಾನು ಹೋದೆ. ಅನ್ನ, ತಿಳಿಸಾರು, ತೊವ್ವೆ ಮಾಡಿಟ್ಟು ಬರುತ್ತಿದ್ದೆ. ಮೊಟ್ಟೆಯನ್ನು ಅವರೇ ಬೇಯಿಸಿಕೊಳ್ಳುತ್ತಿದ್ದರು, ನಾನು ಅತ್ತ ತಲೆಯೂ ಹಾಕುತ್ತಿರಲಿಲ್ಲ. ಆದರೆ ಮನೆಯ ಹಿಂದೆ ಬಿದ್ದಿದ್ದ ಮೊಟ್ಟೆಯ ಸಿಪ್ಪೆ ಬೀದಿಯವರ ಕಣ್ಣಿಗೆ ಬಿತ್ತು. ಆಮೇಲೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಾರ್ತೀಕದ ಸಮಾರಾಧನೆಗೆ ತಂಡಕ್ಕೆಲ್ಲ ಕರೆ ಬಂತು, ನನಗೆ ಬರಲಿಲ್ಲ. ಮಾಡದ ತಪ್ಪಿಗೆ ಶಿಕ್ಷೆಯಾದರೆ ಮನುಷ್ಯನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ. ನನಗಂತೂ ಬಂತು.

ಸಂಕ್ರಾಂತಿ ಕಳೆದ ಸೋಮವಾರ ದೇವರ ದರ್ಶನಕ್ಕೆಂದು ಬಂದ ಮಾವ ನಮ್ಮ ಮನೆಯ ಜಗಲಿಯ ಮೇಲೆ ಕೂತರು. ಒಳಗೆ ಬರಲಿಲ್ಲ. ಮಗಳು ತಂದಿಟ್ಟ ನೀರನ್ನೂ ಮುಟ್ಟಲಿಲ್ಲ.

"ನೋಡಪ್ಪ, ಹಿರಿಯರ ಹತ್ರ ಮಾತಾಡಿದೀನಿ" ಎಂದರು. "ಪಂಚಗವ್ಯ ತಗೊಂಡು, ಜನಿವಾರ ಬದಲಾಯಿಸ್ಕೊ. ಬರೋ ವಾರದ ಶನಿವಾರ ಸೋಸಲೇಲಿ ಸಂತರ್ಪಣೆ ಇದೆ, ನನ್ನ ಜೊತೆ ಒಲೆ ಮುಂದೆ ನಿಂತ್ಕೊ. ಅಲ್ಲಿಗೆ ಎಲ್ಲಾ ಮುಗೀತು."

"ನಾನು ಮುಟ್ಟೇ ಇಲ್ಲವಲ್ಲ ಮಾವ. ಯಾತಕ್ಕೆ ಪ್ರಾಯಶ್ಚಿತ್ತ?"

"ಮುಟ್ಟಿದ್ರೂ ಪರವಾಗಿಲ್ಲ ಅಂತ ಒಪ್ಪಿಸಿದೀನಿ ಕಣೋ. ಮುಟ್ಟಿದ್ದಕ್ಕೆ ದಾರಿ ಇದೆ. ಬಾಯಿಗೆ ಹಾಕ್ಕೊಂಡಿದ್ರೆ ಮಾತ್ರ ನನ್ನ ಹತ್ರ ಮಾತಿಲ್ಲ. ಆಗ ಇವಳೂ ತೌರಿಗೆ ಕಾಲಿಡೋ ಹಾಗಿಲ್ಲ."

ಅವರು ಕಷ್ಟಪಟ್ಟು ತೆರೆಸಿದ್ದ ಬಾಗಿಲು ಅದು. ನನ್ನ ಮೇಲಿನ ಪ್ರೀತಿಯಿಂದಲೇ ತೆರೆಸಿದ್ದರು. ಆದರೂ ಮಾಡದ್ದಕ್ಕೆ ತಲೆಬಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಶನಿವಾರದ ತನಕ ಯೋಚಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಅದರ ಮಾರನೆಯ ದಿನವೇ ಮೇಸ್ತ್ರಿ ದೊರೆ ಇನ್ನೊಂದು ಸುದ್ದಿ ಕೊಟ್ಟರು. ಅವರಿಗೆ ಬರುತ್ತಿದ್ದ ಕನ್ನಡವೆಲ್ಲ ಕಲ್ಲು ಕೆಲಸದ ಆಳುಗಳಿಂದ ಕಲಿತದ್ದು. ಮುಖ ನೋಡದೆ ಮಾತು ಕೇಳಿದವರು ಯಾರೋ ಹಳ್ಳಿಯ ಗೌಡನೆಂದೇ ತಿಳಿಯುತ್ತಿದ್ದರು.

"ನಾ ಓಯ್ತೀನಿ ಬಟ್ರೆ, ನಮ್ಮೂರ್ಗೆ. ಈ ತಿಂಗ್ಳೇ. ಆಮ್ಯಾಕೆ ನೀ ಏನ್ಮಾಡೀಯೆ?"

ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಅವರೇ ಒಂದು ದಾರಿ ಹೇಳಿದರು. ತಿರುಮಕೂಡಲು ನರಸೀಪುರದಲ್ಲಿ ನಾಲೆಯ ಸರ್ವೆಗೆ ಒಬ್ಬ ಇಂಜಿನಿಯರ್ ದೊರೆ ಬೀಡುಬಿಟ್ಟಿದ್ದರು. ಕೆಲಸ ಇನ್ನೂ ಮೂರು ನಾಲ್ಕು ವರ್ಷದ್ದು, ಅವರಿಗೆ ಅಡುಗೆಯವನು ಬೇಕು. ಮುಂದಿನ ವಾರದ ಶುಕ್ರವಾರ ಸಂಜೆ ಮೇಸ್ತ್ರಿಯವರಿಗೆ ಅಲ್ಲಿ ಬೀಳ್ಕೊಡುವ ಊಟ. ಆ ಊಟಕ್ಕೆ ಮೇಸ್ತ್ರಿ ತಮ್ಮ ದೇಶದ ಸಿಹಿಯೊಂದನ್ನು ನನ್ನ ಕೈಯಲ್ಲಿ ಮಾಡಿಸಿ ಒಯ್ಯುವುದು, ಅದು ಸರಿಯಾಗಿದ್ದರೆ ಇಂಜಿನಿಯರ್ ನನ್ನನ್ನು ಇಟ್ಟುಕೊಳ್ಳುವುದು. ಇಬ್ಬರೂ ದೊರೆಗಳು ಕಾಗದದಲ್ಲಿ ಹೀಗೆ ಮಾತಾಡಿಕೊಂಡಿದ್ದರು.

ಕಾಗದ ತಂದವನು ಇಂಜಿನಿಯರ್ ದೊರೆಯ ಬಟ್ಲರ್. ಬೆಂಗಳೂರಿನ ದಂಡು ಪ್ರದೇಶದವನು, ಬಿಳಿ ಕೋಟು, ತಲೆಗೆ ಪಟ್ಟಿಯ ಪೇಟ. ನನ್ನ ಜುಟ್ಟನ್ನೂ ಪಂಚೆಯನ್ನೂ ಮೇಲಿಂದ ಕೆಳಗೆ ನೋಡಿ ಅವನು ಅಂದ: "ಈ ಪೂಜಾರಪ್ಪ ಮೊಟ್ಟೆ ಒಡೀತಾನಾ? ಮೊದಲು ಮೊಟ್ಟೆಗೆ ಮಂಗಳಾರತಿ ಮಾಡ್ತಾನೆ."

ಒಂದು ಕಡೆ ನಾನು ಮೊಟ್ಟೆ ಒಡೆದೆನೆಂದು ಹೊರಗೆ ಹಾಕಿದವರು. ಇನ್ನೊಂದು ಕಡೆ ನನ್ನಿಂದ ಒಡೆಯಲು ಆಗದೆಂದು ನಗುವವನು. ಎರಡು ಕಡೆಯವರೂ ನನ್ನನ್ನು ಕೇಳದೆಯೇ ನನ್ನ ಕೈಗೆ ಏನು ಬರುತ್ತದೆಂದು ನಿರ್ಧರಿಸಿಬಿಟ್ಟಿದ್ದರು. "ಶುಕ್ರವಾರ ತರ್ತೀನಿ. ಹಸಿವು ಇಟ್ಟುಕೊಂಡಿರಪ್ಪ" ಎಂದೆ.

ಮೇಸ್ತ್ರಿಯ ಮನೆಯಲ್ಲಿದ್ದದ್ದು ಒಂದು ಸಣ್ಣ ಒಲೆ, ಅದೂ ಸಾಮಾನು ಕಟ್ಟುವ ಗಡಿಬಿಡಿಯ ನಡುವೆ. ನಮ್ಮ ಮನೆಯಲ್ಲೇ ಮಾಡಬೇಕಾಯಿತು. ಹೆಂಡತಿಗೆ ಹೇಗೆ ಹೇಳುವುದೆಂದು ಊಟದ ತನಕ ಒದ್ದಾಡಿದೆ. ಹೇಳಿದಾಗ ಅವಳು ಮಜ್ಜಿಗೆ ಬಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಒಡೀರಿ. ಹೊರಗೆ ಹಾಕಿದ್ದಾಯ್ತಲ್ಲ, ಇನ್ನು ಯಾರ ಮನೆ ಮಡಿ ಕಾಯ್ತೀರಿ? ಆದ್ರೆ ನನ್ನ ಅಡುಗೆಮನೆಗೆ ಬೇಡ, ಹಿತ್ತಿಲಲ್ಲಿ ಮಾಡಿ. ಆ ಪಾತ್ರೆಗಳನ್ನ ನೀವೇ ತೊಳೀಬೇಕು, ನಾನು ಮುಟ್ಟಲ್ಲ. ಆ ವಾಸನೆ ನನಗಾಗಲ್ಲ." ಮಜ್ಜಿಗೆಯ ಪಾತ್ರೆ ಎತ್ತಿಕೊಳ್ಳುತ್ತ, "ನನ್ನ ಕಡೆಗೋಲನ್ನೂ ಕೇಳಬೇಡಿ" ಎಂದು ಸೇರಿಸಿದಳು.

ಆ ಸಿಹಿಯ ಹೆಸರು ಜುಪ್ಪಾ ಇಂಗ್ಲೇಸೆ. ಇಂಗ್ಲಿಷರ ಸಾರು ಎಂದು ಅರ್ಥವಂತೆ. ಇಟಲಿಯವರ ತಿಂಡಿ, ಹೆಸರು ಇಂಗ್ಲಿಷರದು, ಮಾಡುವವನು ನಂಜನಗೂಡಿನವನು, ಜೊತೆಗೆ ಅದು ಸಾರೂ ಅಲ್ಲ. ಮೇಸ್ತ್ರಿ ತಮ್ಮ ತಾಯಿ ಮಾಡುತ್ತಿದ್ದ ಕ್ರಮವನ್ನು ನಮ್ಮ ಹಿತ್ತಿಲ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದರು. ಗೋಡೆ ಕಟ್ಟುವ ಹಾಗೆ ಒಂದರ ಮೇಲೊಂದು ವರಸೆ. ಮೊದಲು ಮೊಟ್ಟೆ, ಸಕ್ಕರೆ, ಮೈದಾದಿಂದ ಮಾಡಿದ ಮೆತ್ತನೆಯ ಕೇಕು. ಅದರ ಮೇಲೆ ಮಸಾಲೆ ಹಾಕಿದ ಕೆಂಪು ಮದ್ಯ, ಕೇಕು ಹೀರುವಷ್ಟು. ಮೇಲೆ ಹಾಲು ಮತ್ತು ಮೊಟ್ಟೆಯ ಹಳದಿ ಸೇರಿಸಿ ಕಾಯಿಸಿದ ಗಟ್ಟಿ ಕೆನೆ. ಮತ್ತೆ ಕೇಕು, ಮತ್ತೆ ಕೆಂಪು, ಈ ಸಲ ಕೋಕೋ ಪುಡಿ ಬೆರೆಸಿದ ಕಪ್ಪು ಕೆನೆ. ಹೀಗೆ ಏಳು ವರಸೆ. ಒಂದು ರಾತ್ರಿಯಾದರೂ ತಣ್ಣಗೆ ಕೂತು ಒಂದಕ್ಕೊಂದು ಹಿಡಿಯಬೇಕು.

ಮೊಟ್ಟೆ ತಂದುಕೊಟ್ಟವಳು ತಾಂಡವಪುರದ ಒಬ್ಬ ಗೌಡರ ಹೆಂಗಸು. ಹಿತ್ತಿಲ ಬಾಗಿಲಿಗೆ ಬಂದು ಬುಟ್ಟಿ ಇಳಿಸಿದಾಗ ಅವಳಿಗೆ ನನಗಿಂತ ಹೆಚ್ಚು ಗಾಬರಿ. "ಸಾಮಿ, ಮನೆ ಗಿನೆ ತಪ್ಪಿ ಬಂದ್ನಾ?" ಎಂದು ಕೇಳಿದಳು.

ಮೊದಲ ಮೊಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದೆ, ಸುಳ್ಳು ಹೇಳುವುದಿಲ್ಲ. ಚಿಪ್ಪು ಒಳಕ್ಕೆ ಬಿತ್ತು. ಎರಡನೆಯದೂ ಹಾಗೇ. ಆರನೆಯದರ ಹೊತ್ತಿಗೆ ತೆಂಗಿನಕಾಯಿ ಒಡೆಯುವ ಕೈಗೆ ಇದೇನು ಮಹಾ ಅನ್ನಿಸಿತು. ಹಳದಿಯನ್ನು ಸಕ್ಕರೆ ಪುಡಿಯೊಂದಿಗೆ ಬಿಳಿಚುವ ತನಕ ಕಲಸಬೇಕು, ಬಿಳಿಯದನ್ನು ಬೇರೆ ಪಾತ್ರೆಯಲ್ಲಿ ನೊರೆ ಬಂದು ಗಟ್ಟಿಯಾಗಿ ನಿಲ್ಲುವ ತನಕ ಬಡಿಯಬೇಕು. ಕಡೆಗೋಲಿಲ್ಲ, ಹಾಗಾಗಿ ಬಿದಿರು ಸೀಳಿ ಹತ್ತು ಕಡ್ಡಿಯ ಹಿಡಿ ಕಟ್ಟಿಕೊಂಡೆ. ಬಡಿದೆ, ಬಡಿದೆ, ರಟ್ಟೆ ಬಿದ್ದುಹೋಯಿತು. ಬಿಳಿ ಮೇಲಕ್ಕೇಳಲೇ ಇಲ್ಲ, ಗಂಜಿಯ ಹಾಗೆ ತಳದಲ್ಲೇ ಓಡಾಡಿತು. ಬಂದದ್ದು ಬರಲಿ ಎಂದು ಹಿಟ್ಟು ಸೇರಿಸಿ ಬೇಯಿಸಿದೆ. ಒಲೆಯಿಂದ ತೆಗೆದಾಗ ಅದು ಬೆರಣಿಯ ಹಾಗಿತ್ತು, ಗೋಡೆಗೆ ಬಡಿಯುವುದೊಂದೇ ಬಾಕಿ. ಹನ್ನೆರಡು ಮೊಟ್ಟೆ ಹಾಳು.

ಮರುದಿನ ಮತ್ತೆ ಹನ್ನೆರಡು, ಮತ್ತೆ ಅದೇ ಗತಿ. ಮೇಸ್ತ್ರಿ ಬಂದು ಪಾತ್ರೆಗೆ ಬೆರಳು ಒತ್ತಿ ನೋಡಿದರು. "ಇದ್ರೊಳ್ಗೆ ಏನ್ ಬಳ್ದಿದೀಯಾ ಬಟ್ರೆ?"

"ತುಪ್ಪ."

ನಮ್ಮ ಕಸುಬಿನಲ್ಲಿ ಸಿಹಿ ಮಾಡುವ ಯಾವ ಪಾತ್ರೆಗೂ ಮೊದಲು ಒಂದು ಬೆರಳು ತುಪ್ಪ ಸವರುತ್ತೇವೆ. ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ, ಕೈ ತಾನೇ ಮಾಡುತ್ತದೆ. ಜಿಡ್ಡು ಸೋಕಿದರೆ ಮೊಟ್ಟೆಯ ಬಿಳಿ ಜನ್ಮದಲ್ಲಿ ನೊರೆಯಾಗುವುದಿಲ್ಲವೆಂದು ನನಗೆ ಯಾರು ಹೇಳಬೇಕಿತ್ತು? ಪಾತ್ರೆಯನ್ನು ಸೀಗೆಪುಡಿ, ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮೂರನೆಯ ಸಲ ಬಡಿದಾಗ ನೊರೆ ಎದ್ದು ನಿಂತಿತು. ಪಾತ್ರೆಯನ್ನು ತಲೆಕೆಳಗು ಮಾಡಿದರೂ ಬೀಳಲಿಲ್ಲ. ಹಿತ್ತಿಲಲ್ಲಿ ಒಬ್ಬನೇ ನಿಂತು ನಕ್ಕೆ.

ಬೇಯಿಸುವುದಕ್ಕೆ ಅವರ ದೇಶದ ಗೂಡೊಲೆ ನಮ್ಮಲ್ಲಿ ಎಲ್ಲಿ ಬರಬೇಕು? ಅಗಲದ ಕಬ್ಬಿಣದ ಬಾಣಲೆಗೆ ಕಪಿಲಾ ಹೊಳೆಯ ಜರಡಿ ಹಿಡಿದ ಮರಳು ತುಂಬಿ, ಮರಳು ಕಾದ ಮೇಲೆ ಕೇಕಿನ ತಟ್ಟೆಯನ್ನು ಅದರೊಳಗೆ ಹೂತಿಟ್ಟೆ. ಮೇಲೊಂದು ಕಬ್ಬಿಣದ ಹಂಚು, ಹಂಚಿನ ಮೇಲೆ ತೆಳುವಾಗಿ ಕೆಂಡ. ಬೇಯುವ ಹದ ಗೊತ್ತಾಗುವುದು ವಾಸನೆಯಲ್ಲಿ, ಮೂಗು ನನ್ನ ಹಳೆಯ ಆಸ್ತಿ. ಕೇಕು ಮೂರು ಬೆರಳು ಎತ್ತರಕ್ಕೆ ಉಬ್ಬಿ ಬಂತು.

ಕೆನೆಯಲ್ಲಿ ನನಗೆ ತೊಡಕಾಗಲಿಲ್ಲ. ಕುದಿಯುವ ನೀರಿನ ಕೊಳದಪ್ಪಲೆಯೊಳಗೆ ಇನ್ನೊಂದು ಪಾತ್ರೆ ಇಳಿಬಿಟ್ಟು, ಹಾಲು, ಹಳದಿ, ಸಕ್ಕರೆ, ಒಂದು ಹಿಡಿ ಮೈದಾ ಹಾಕಿ ಮರದ ಸೌಟಿನಲ್ಲಿ ಒಂದೇ ದಿಕ್ಕಿಗೆ ತಿರುವುತ್ತಿದ್ದೆ. ಸೌಟಿನ ಬೆನ್ನಿನ ಮೇಲೆ ಬೆರಳು ಎಳೆದರೆ ಗೆರೆ ಕೂಡದೆ ನಿಲ್ಲಬೇಕು. ಬಾದಾಮಿ ಹಲ್ವ ತಿರುವಿದವನಿಗೆ ಇದು ಎಡಗೈ ಕೆಲಸ.

ಕೆಂಪು ಮದ್ಯದ ವಿಷಯಕ್ಕೆ ಬಂದಾಗ ಮೇಸ್ತ್ರಿ ತಲೆ ತುರಿಸಿಕೊಂಡರು. ಊರಿನಿಂದ ತಂದಿದ್ದ ಸೀಸೆಯನ್ನು ಕೆಮ್ಮಿಗೆಂದು ಒಂದೊಂದೇ ಗುಟುಕು ಕುಡಿದು ಮುಗಿಸಿದ್ದರು. ಖಾಲಿ ಸೀಸೆಯ ಬಾಯಿಯನ್ನು ಮೂಸಿದೆ. ಚಕ್ಕೆ, ಲವಂಗ, ಏಲಕ್ಕಿ, ಜಾಕಾಯಿ, ಪನ್ನೀರು. ಎಲ್ಲವೂ ನಮ್ಮ ಮನೆಯ ಡಬ್ಬಿಯಲ್ಲಿದ್ದವೇ. ಸಕ್ಕರೆ ಪಾಕಕ್ಕೆ ಅಷ್ಟನ್ನೂ ಹಾಕಿ ಇಳಿಸಿ, ದಾಳಿಂಬೆಯ ರಸದಿಂದ ಬಣ್ಣ ಕಟ್ಟಿದೆ. ಕೊನೆಯಲ್ಲಿ, ಸಿಹಿಗೆ ಯಾವಾಗಲೂ ಹಾಕುವಂತೆ, ಚಿಟಿಕೆ ಪಚ್ಚಕರ್ಪೂರ ಉದುರಿಸಿದೆ. ಹಿತ್ತಿಲೆಲ್ಲ ಘಮಘಮ.

ಆ ವಾರದ ಬುಧವಾರ ಮೊದಲ ಪೂರ್ತಿ ಸಿಹಿಯನ್ನು ಮೇಸ್ತ್ರಿಯ ಮುಂದಿಟ್ಟೆ. ಕತ್ತರಿಸಿದಾಗ ಏಳು ವರಸೆಯೂ ಗೆರೆ ಎಳೆದ ಹಾಗಿದ್ದವು. ಅವರ ಕಣ್ಣು ಒದ್ದೆಯಾಯಿತು. ಒಂದು ತುತ್ತು ಬಾಯಿಗಿಟ್ಟರು, ಮುಖ ಸಿಂಡರಿಸಿ ಎಲೆಯ ಮೇಲೆ ಉಗಿದರು.

"ನೋಡಕ್ಕೆ ನಮ್ಮವ್ವನ ಮನೆ. ಬಾಯ್ಗಾಕ್ಕೊಂಡ್ರೆ ಆಸ್ಪತ್ರೆ. ನೀ ತಿಂದ್ ನೋಡಿದ್ಯಾ?"

"ನಾವು ರುಚಿ ನೋಡೋದಿಲ್ಲ ದೊರೆ. ಅದು ನಮ್ಮ ಪದ್ಧತಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಸಿಟ್ಟು ಬಂತು. "ನಾ ಕಲ್ ಉಜ್ತೀನಿ. ಅದ್ರ ಮ್ಯಾಲೆ ಅಂಗೈ ಆಡಿಸ್ದೆ ನಯ ಆಯ್ತು ಅಂದ್ರೆ ನನ್ನ ಯಾವನ್ ಕೆಲ್ಸಕ್ ಇಟ್ಕೊಂಡಾನು?"

ಆಸ್ಪತ್ರೆಯ ವಾಸನೆ ಪಚ್ಚಕರ್ಪೂರದ್ದು, ಅದನ್ನು ಬಿಟ್ಟುಬಿಡಬಹುದಿತ್ತು. ಆದರೆ ಕೆನೆಯಲ್ಲೂ ಏನೋ ಸರಿಯಿಲ್ಲ ಎಂದರು. ಏನೆಂದು ಹೇಳಲು ಅವರ ಕಲ್ಲುಕುಟಿಗರ ಕನ್ನಡದಲ್ಲಿ ಮಾತು ಸಾಲಲಿಲ್ಲ. ಅಂದೇ ಸಂಜೆಯ ರೈಲಿಗೆ ಅವರು ಮೈಸೂರಿಗೆ ಹೋಗಬೇಕಿತ್ತು, ಅಲ್ಲಿಂದ ನೇರವಾಗಿ ನರಸೀಪುರಕ್ಕೆ. ಇನ್ನು ರುಚಿ ಹೇಳುವವರು ಯಾರೂ ಇರಲಿಲ್ಲ.

ಗುರುವಾರ ಬೆಳಗ್ಗೆ ಮೊಟ್ಟೆಯ ಹೆಂಗಸು ಬಂದಾಗ ನನಗೊಂದು ಉಪಾಯ ಹೊಳೆಯಿತು. ಅವಳು ಮೊಟ್ಟೆ ತಿನ್ನುವವಳು, ಅವಳ ನಾಲಿಗೆಯನ್ನೇ ಸಾಲ ತೆಗೆದುಕೊಂಡರಾಯಿತು. ಹೊಸದಾಗಿ ಕಾಯಿಸಿದ ಕೆನೆಯನ್ನು ಎಲೆಚೂರಿನ ಮೇಲೆ ಹಾಕಿಕೊಟ್ಟೆ.

"ಚಂದಾಗದೆ ಸಾಮಿ."

ಅದಕ್ಕೇ ಇನ್ನಷ್ಟು ಸಕ್ಕರೆ ಸುರಿದು ಕೊಟ್ಟೆ. "ಇದೂ ಚಂದಾಗದೆ." ಕೊನೆಗೆ ಬುಧವಾರದ ಕರ್ಪೂರದ ಪಾಕವನ್ನೇ ಕೊಟ್ಟು ನೋಡಿದೆ. ಕಣ್ಣು ಮುಚ್ಚಿ ನುಂಗಿ, "ಅದೂವೆ ಚಂದಾಗೇ ಅದೆ" ಎಂದಳು.

"ಅಲ್ಲಮ್ಮ, ಯಾವುದು ಕೆಟ್ಟದಾಗಿದೆ ಅಂತ ಹೇಳು."

"ಸೀ ಅಂದ್ಮೇಲೆ ಕೆಟ್ಟದ್ ಎಂಗಾದದು ಸಾಮಿ? ಬಟ್ರು ಕೈಯಾರ ಕೊಟ್ಟದ್ನ ಕೆಟ್ಟದು ಅನ್ನಕ್ಕೆ ನನ್ ಬಾಯ್ಗೇನು ಉಳ ಬಿದ್ದದಾ?"

ಅವಳು ಹೋದ ಮೇಲೆ ಒಲೆಯ ಮುಂದೆ ಕೂತೆ. ಕೆನೆ ಸಣ್ಣಗೆ ಹಬೆಯಾಡುತ್ತಿತ್ತು. ಅಷ್ಟು ದಿನ ನಾನು ನನಗೇ ಒಂದು ಸಮಾಧಾನ ಹೇಳಿಕೊಂಡು ಬಂದಿದ್ದೆ: ಮುಟ್ಟಿದೆ ಅಷ್ಟೆ, ತಿಂದಿಲ್ಲ. ಕೈ ತೊಳೆದರೆ ಹೋಗುತ್ತದೆ. ಸಿಹಿ ಕೆಟ್ಟರೆ ಶನಿವಾರ ಸೋಸಲೆಗೆ ಹೋಗಿ ಪಂಚಗವ್ಯ ಕುಡಿದರಾಯಿತು, ಮಾವನ ಬಾಗಿಲು ತೆರೆದೇ ಇದೆ. ಬಾಯಲ್ಲಿ ಸವಾಲು ಹಾಕುತ್ತ, ಮನಸ್ಸಿನಲ್ಲಿ ಓಡಿಹೋಗುವ ದಾರಿಯನ್ನು ಗುಡಿಸಿ ಇಟ್ಟುಕೊಂಡಿದ್ದೆ. ಅದು ಕಂಡಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇನ್ನೊಂದು ಮಾತು, ಅದನ್ನು ಹೇಳಲೇಬೇಕು. ಇಪ್ಪತ್ತು ವರ್ಷ ಅಡುಗೆ ಮಾಡಿದವನು, ಒಲೆಯ ಮೇಲಿರುವಾಗ ನನ್ನ ಅಡುಗೆ ಹೇಗಿರುತ್ತದೆಂದು ನನಗೆ ಒಮ್ಮೆಯೂ ಗೊತ್ತಿರಲಿಲ್ಲ. ದೇವರಿಗಾದರೆ ಸರಿ, ಅವನು ಭಕ್ತಿಯನ್ನು ನೋಡುತ್ತಾನೆ. ಇದನ್ನು ತಿನ್ನುವವರು ಮನುಷ್ಯರು. ಅವರಿಗೆ ನಾಲಿಗೆ ಇದೆ.

ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಹಾಕಿದೆ.

ಆಕಾಶ ಬೀಳಲಿಲ್ಲ. ಹಸಿ ಹಿಟ್ಟಿನ ರುಚಿ ಬಂತು. ಅಷ್ಟೇ. ಮೇಸ್ತ್ರಿಗೆ ಹೇಳಲು ಬಾರದೆ ಹೋದದ್ದು ಅದು. ಮೈದಾ ಬೆಂದಿರಲಿಲ್ಲ, ಗೆರೆ ನಿಂತಿತೆಂದು ನಾನು ಬೇಗ ಇಳಿಸಿಬಿಟ್ಟಿದ್ದೆ. ಹಾಲು ಸೇರಿಸಿ, ಮತ್ತೆ ಒಲೆಗಿಟ್ಟು, ತಿರುವಿದೆ. ಎರಡನೆಯ ಸಲ ಬಾಯಿಗೆ ಹಾಕಿದಾಗ ಹಸಿ ಹೋಗಿತ್ತು, ಆದರೆ ಮೊಟ್ಟೆ ಮುಂದೆ ಬಂದಿತ್ತು. ನಿಂಬೆಯ ಸಿಪ್ಪೆ ತುರಿದು ಹಾಕಿದೆ. ಮೂರನೆಯ ಸಲ ಹಾಕಿಕೊಂಡ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಅದು ಸರಿಯಾಗಿತ್ತು. ಸರಿಯಾಗಿದೆ ಎಂದು ಯಾರೋ ಹೇಳಬೇಕಾಗಿರಲಿಲ್ಲ, ನನಗೇ ಗೊತ್ತಾಯಿತು. ಆ ಸಂತೋಷವನ್ನು ಅಷ್ಟು ವರ್ಷ ನನ್ನಿಂದ ಯಾರು ದೂರ ಇಟ್ಟರು ಎಂದು ಸಿಟ್ಟೂ ಬಂತು.

ಗಾಜಿನ ಬಟ್ಟಲು ಗಾಡಿಯ ಕುಲುಕಿಗೆ ತಡೆಯದು. ಕಲಾಯಿ ಹಾಕಿದ ತಾಮ್ರದ ಬೋಗುಣಿಗೆ, ಕೆಂಡದ ಮೇಲೆ ಬಾಡಿಸಿದ ಬಾಳೆ ಎಲೆ ಹಾಸಿ, ಅದರೊಳಗೆ ವರಸೆ ಕಟ್ಟಿದೆ. ಕೇಕಿನ ಒಂದೊಂದು ಹಾಳೆಗೂ, ಕರ್ಪೂರವಿಲ್ಲದೆ ಹೊಸದಾಗಿ ಇಳಿಸಿದ ಪಾಕವನ್ನು ಚಮಚದಲ್ಲಿ ಸುತ್ತಲಿಂದ ನಡುವಿಗೆ ಬಿಡಬೇಕು. ನಡುವಿನಿಂದ ಶುರುಮಾಡಿದರೆ ಅಂಚು ಒಣಗಿಯೇ ಉಳಿಯುತ್ತದೆ. ಮಾಗಿಯ ಚಳಿ ನಮ್ಮ ಪಾಲಿಗಿತ್ತು. ಬೋಗುಣಿಯನ್ನು ಒದ್ದೆ ಮರಳು ತುಂಬಿದ ಮಣ್ಣಿನ ಬಾನಿಯೊಳಗೆ ಕುತ್ತಿಗೆಯ ತನಕ ಇಳಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದೆ.

ಶುಕ್ರವಾರ ಬೆಳಕು ಹರಿದ ಕೂಡಲೇ ಮೊಟ್ಟೆಯವಳ ಗಂಡನ ಗಾಡಿ ಬಾಗಿಲಿಗೆ ಬಂತು. ಹೆಂಡತಿಯೂ ಸೀರೆಯ ಗಂಟು ಹಿಡಿದು ಹೊರಟು ನಿಂತಿದ್ದಳು. "ಬಾನಿ ಹಿಡ್ಕೊಳ್ಳೋರು ಬೇಡ್ವೆ? ನೀವು ಗಾಡಿ ಹತ್ತಿದ ತಕ್ಷಣ ತೂಕಡಿಸ್ತೀರಿ" ಎಂದಳು. ದಾರಿಯುದ್ದಕ್ಕೂ ಬಾನಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದಿದ್ದಳು. ಗೋಣಿ ಒಣಗಿದಾಗಲೆಲ್ಲ ನೀರು ಚಿಮುಕಿಸಿದಳು.

ನರಸೀಪುರದ ಬಂಗಲೆಯ ಹಿಂಭಾಗದಲ್ಲಿ ಬಟ್ಲರ್ ಬೋಗುಣಿಯ ಮೇಲಿನ ಎಲೆ ಸರಿಸಿ ಇಣುಕಿದ. "ಏನಪ್ಪ ಇದು, ಕೊಟ್ಟೆ ಕಡುಬಾ?" ಎಂದ. ನಾನು ಎಲೆಯನ್ನು ಮತ್ತೆ ಮುಚ್ಚಿದೆ. ದೀಪ ಹಚ್ಚುವ ಹೊತ್ತಿಗೆ ದೊರೆಗಳು ಮೇಜಿಗೆ ಕೂತರು. ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಬೋಗುಣಿಯನ್ನು ನಾನೇ ಮಗುಚಿದೆ. ಎಲೆ ಬಿಡಿಸಿದಾಗ ಅದು ಅಲುಗದೆ ನಿಂತಿತು, ಒಂದು ವರಸೆಯೂ ಜಾರಿರಲಿಲ್ಲ. ಮೇಸ್ತ್ರಿ ಒಂದು ತುತ್ತು ತಿಂದು ಕಣ್ಣು ಮುಚ್ಚಿಕೊಂಡರು. ಆಮೇಲೆ ತಮ್ಮ ಭಾಷೆಯಲ್ಲಿ ಏನೋ ಅಂದರು, ಅದು ನನಗೆ ಹೇಳಿದ್ದಲ್ಲ. ಇಂಜಿನಿಯರ್ ದೊರೆ ಎರಡನೆಯ ಸಲ ಹಾಕಿಸಿಕೊಂಡರು, ಮೂರನೆಯ ಸಲ ತಾವೇ ಹಾಕಿಕೊಂಡರು. ಬಟ್ಲರ್ ತಟ್ಟೆ ಒಳಗೆ ತಂದಾಗ ಅದರಲ್ಲಿ ಏನೂ ಉಳಿದಿರಲಿಲ್ಲ. "ಸೋಮವಾರದಿಂದ ಬರಬೇಕಂತೆ" ಎಂದು ನನ್ನ ಮುಖ ನೋಡದೆ ಹೇಳಿದ. ಖಾಲಿ ತಟ್ಟೆಯನ್ನು ಕೆಳಗಿಡುತ್ತ, "ನನಗೂ ಒಂದು ಚೂರು ಇಟ್ಟಿದ್ದರೆ ಆಗ್ತಿತ್ತು" ಎಂದ.

ರಾತ್ರಿ ಅಲ್ಲೇ ಉಳಿದು, ಶನಿವಾರ ಬೆಳಗ್ಗೆ ನರಸೀಪುರದ ಸಂಗಮದ ಮೆಟ್ಟಿಲ ಹತ್ತಿರ ಬೋಗುಣಿ ತಿಕ್ಕಲು ಕೂತಿದ್ದೆ. ಹೆಂಡತಿ ಎರಡು ಮೆಟ್ಟಿಲು ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಸಂತರ್ಪಣೆಗೆ ತರಕಾರಿ ಕೊಳ್ಳಲು ಹತ್ತಿರದ ಸೋಸಲೆಯಿಂದ ಬಂದಿದ್ದ ಮಾವ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ನಮ್ಮತ್ತ ಬಂದರು. ನಾವು ಬಂದಿರುವ ಸುದ್ದಿ ಅವರಿಗಾಗಲೇ ತಲುಪಿತ್ತು. ನಾಲ್ಕು ಮೊಳ ದೂರದಲ್ಲಿ ನಿಂತು, ಸಣ್ಣ ದನಿಯಲ್ಲಿ ಕೇಳಿದರು.

"ಒಡೆದೆಯಂತಲ್ಲ. ಇರಲಿ. ಅದಕ್ಕೆ ಅವರನ್ನ ಒಪ್ಪಿಸಿದೀನಿ, ಎಲ್ಲಾ ಸಿದ್ಧವಾಗಿದೆ. ಬಾಯಿಗೆ ಹಾಕ್ಕೊಂಡಿಲ್ಲ ಅಂತ ಒಂದು ಮಾತು ಹೇಳು. ಸಾಕು. ನಾನು ಇನ್ನೇನೂ ಕೇಳಲ್ಲ."

"ಹಾಕ್ಕೊಂಡೆ ಮಾವ. ಮೂರು ಸಲ."

"ಮೆಲ್ಲಗೆ ಹೇಳೋ. ಯಾರು ನೋಡಿದ್ರು? ಇಲ್ಲ ಅಂದ್ಬಿಡು."

"ಇಲ್ಲ ಅಂತ ಹೇಳಿ ನಿಮ್ಮ ಪಕ್ಕ ಒಲೆ ಮುಂದೆ ನಿಂತರೆ, ಎಲೆ ಮುಂದೆ ಕೂತವರಿಗೆಲ್ಲ ಮೋಸ ಮಾಡಿದ ಹಾಗಾಯ್ತು. ನೀವು ನನಗೆ ಕಲಿಸಿದ್ದು ಅದಲ್ಲ. ತಪ್ಪು ಮಾಡದೇ ಇದ್ದಾಗ ಹೊರಗೆ ಹಾಕಿದ್ರು. ಈಗ ಮಾಡಿದೀನಿ, ಕೆಲಸವೂ ಸಿಕ್ತು. ಇನ್ನು ಯಾಕೆ ಬಚ್ಚಿಟ್ಟುಕೊಳ್ಳಲಿ?"

ಮಾವ ಬಗ್ಗಿ ಒದ್ದೆ ಪಂಚೆಯ ಅಂಚನ್ನು ಹಿಂಡಿದರು. ನನ್ನನ್ನು ಬೆಳೆಸಿದ ಕೈ ಅದು. "ಸರಿಯಪ್ಪ, ನಿನ್ನ ದಾರಿ ನಿನ್ನದು" ಎಂದರು. ಆಮೇಲೆ ಮಗಳ ಕಡೆ ತಿರುಗಿದರು. "ನೀನಾದ್ರೂ ಬಾಮ್ಮ. ಅವತ್ತು ತೌರಿಲ್ಲ ಅಂದದ್ದು ಸಿಟ್ಟಿಗೆ. ನೀನೇನು ಮಾಡಿದೀಯ? ನಿನ್ನನ್ನ ಯಾರೂ ಏನೂ ಅನ್ನೋದಿಲ್ಲ. ಗಾಡಿ ನಿಂತಿದೆ, ಹೋಗೋಣ ಬಾ."

ಅವಳು ಕೂದಲನ್ನು ತುರುಬು ಕಟ್ಟಿಕೊಂಡು ಎದ್ದಳು. ಹೊರಟೇಬಿಟ್ಟಳು ಎಂದುಕೊಂಡೆ, ತಡೆಯುವ ಮುಖವೂ ನನಗಿರಲಿಲ್ಲ. ಎರಡು ಮೆಟ್ಟಿಲು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತಳು. ನಾನಿನ್ನೂ ತೊಳೆಯದ ಬೋಗುಣಿಯ ಅಂಚಿಗೆ ಹಿಂದಿನ ದಿನದ ಕೆನೆ ಅಂಟಿಕೊಂಡಿತ್ತು. ಅದನ್ನು ತೋರುಬೆರಳಲ್ಲಿ ಉದ್ದಕ್ಕೆ ಸವರಿ, ಅಪ್ಪನ ಮುಖ ನೋಡುತ್ತಲೇ ಬಾಯಿಗೆ ಹಾಕಿಕೊಂಡಳು. ಅವಸರವಿಲ್ಲದೆ ಚಪ್ಪರಿಸಿದಳು.

ಆಮೇಲೆ ನನ್ನ ಕಡೆ ತಿರುಗಿ, "ಸಕ್ಕರೆ ಒಂದು ಚೂರು ಮುಂದಾಯ್ತು" ಎಂದಳು.